ಅಕ್ವಿಲೀಜಿಯಾಕ್ಕೆ ಚಳಿ ಬೇಕು, ದಯವಿಟ್ಟು ಮನೆಯೊಳಗೆ ತರಬೇಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ತೋಟಗಾರಿಕೆ ಪುಟವನ್ನು ತಪ್ಪದೆ ಓದುವವರಲ್ಲಿ ನಾನೂ ಒಬ್ಬಳು. ಚಳಿಗಾಲದ ಆರೈಕೆ ಬಗ್ಗೆ ಈಚೆಗೆ ಬಂದ ಲೇಖನ ಓದಿದ ಮೇಲೆ ಬರೆಯಲೇಬೇಕು ಅನ್ನಿಸಿತು. ಚಳಿ ಶುರುವಾಗುವ ಮೊದಲೇ ಹೂಕುಂಡಗಳನ್ನೆಲ್ಲ ಮನೆಯೊಳಗೆ ತಂದಿಡಿ, ಎಲೆ ಒಣಗಿ ಹೋದ ಗಿಡಗಳನ್ನು ಕಿತ್ತು ಕುಂಡ ಖಾಲಿ ಮಾಡಿ ಎಂದು ಅದರಲ್ಲಿತ್ತು. ದಾಸವಾಳಕ್ಕೋ ಜೆರೇನಿಯಂಗೋ ಒಳಗೆ ತರುವ ಮಾತು ಸರಿ. ಆದರೆ ಅದೇ ಪಟ್ಟಿಯಲ್ಲಿ ಅಕ್ವಿಲೀಜಿಯಾ ಕೂಡ ಇತ್ತು, ಕೊಲಂಬೈನ್ ಅಂತ ಕೆಲವರು ಕರೆಯುವ ಗಿಡ. ಈ ಗಿಡಕ್ಕೆ ಆ ಎರಡೂ ಸಲಹೆ ಉಲ್ಟಾ. ಒಳಗೆ ತಂದರೆ ಮುಂದಿನ ವರ್ಷ ಹೂವಿಲ್ಲ. ಎಲೆ ಒಣಗಿತೆಂದು ಕಿತ್ತರೆ ಜೀವಂತ ಗಿಡವನ್ನೇ ಎಸೆದ ಹಾಗೆ.

ಈ ಗಿಡವನ್ನು ನೋಡದವರಿಗಾಗಿ ನಾಲ್ಕು ಮಾತು. ಹೂವಿನಲ್ಲಿ ಹೊರಗಿನ ಐದು ಎಸಳು, ಒಳಗಿನ ಐದು ದಳ. ಒಳಗಿನ ಪ್ರತಿ ದಳವೂ ಹಿಂದಕ್ಕೆ ಉದ್ದ ಕೊಳವೆಯಾಗಿ ಚಾಚಿರುತ್ತದೆ. ಆ ಕೊಳವೆಯ ತುದಿಯಲ್ಲಿ ಮಕರಂದ. ನೀಲಿ, ನೇರಳೆ, ಬಿಳಿ, ಹಳದಿ, ಕೆಂಪು, ಎರಡು ಬಣ್ಣ ಸೇರಿದ್ದು, ಎಲ್ಲವೂ ಇವೆ. ಉತ್ತರ ಗೋಳಾರ್ಧದ ತಂಪು ಪ್ರದೇಶಗಳಲ್ಲಿ, ಯುರೋಪ್, ಏಷ್ಯಾ, ಉತ್ತರ ಅಮೆರಿಕದ ಕಾಡಂಚು ಮತ್ತು ಬೆಟ್ಟಗಳಲ್ಲಿ, ಸುಮಾರು 60ರಿಂದ 70 ಜಾತಿಗಳು ತಾವಾಗಿ ಬೆಳೆಯುತ್ತವೆ. ನಮ್ಮ ಹಿಮಾಲಯದಲ್ಲೂ ಇವೆ. ಪಶ್ಚಿಮ ಹಿಮಾಲಯದ ಅಕ್ವಿಲೀಜಿಯಾ ಫ್ರಾಗ್ರನ್ಸ್ ತಿಳಿ ಬಣ್ಣದ್ದು, ಒಳ್ಳೆಯ ಪರಿಮಳವಿರುವ ಹೂ.

ಆ ಕೊಳವೆಯ ಉದ್ದದಲ್ಲೇ ಒಂದು ದೊಡ್ಡ ಕಥೆ ಇದೆ, ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. ಯುರೋಪಿನ ಸಾಮಾನ್ಯ ಅಕ್ವಿಲೀಜಿಯಾದ ಕೊಳವೆ ಗಿಡ್ಡ, ತುದಿ ಬಾಗಿರುತ್ತದೆ, ದುಂಬಿಗಳು ಅದಕ್ಕೆ ಬರುತ್ತವೆ. ಉತ್ತರ ಅಮೆರಿಕದ ಪೂರ್ವ ಭಾಗದ ಕೆನಡೆನ್ಸಿಸ್ ಕೆಂಪು ಹಳದಿ ಹೂ, ಕೊಳವೆ ನೇರ, ಅದು ಹಮ್ಮಿಂಗ್ ಬರ್ಡ್‌ಗೆ. ಇನ್ನು ಲಾಂಗಿಸ್ಸಿಮಾ ಅನ್ನುವ ಹಳದಿ ಹೂವಿನ ಜಾತಿಯಲ್ಲಿ ಕೊಳವೆ 10 ಸೆಂಟಿಮೀಟರ್ ಮೀರುತ್ತದೆ, ಅಷ್ಟು ಉದ್ದದ ಹೀರುನಾಲಿಗೆ ಇರುವುದು ಸಂಜೆ ಹಾರುವ ದೊಡ್ಡ ಪತಂಗಗಳಿಗೆ ಮಾತ್ರ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಅಮೆರಿಕದ ಜಾತಿಗಳನ್ನು ಒಟ್ಟಿಗೆ ನೋಡಿ, ಪರಾಗ ಹೊರುವ ಜೀವಿ ಬದಲಾದಾಗೆಲ್ಲ ಕೊಳವೆಯ ಉದ್ದ ಮೆಟ್ಟಿಲು ಹತ್ತಿದಂತೆ ಹೆಚ್ಚುತ್ತ ಹೋಗಿದೆ ಎಂದು ತೋರಿಸಿತು. ಒಂದು ಕುಂಡದಲ್ಲಿ ನಿಂತಿರುವ ಗಿಡದ ಹಿಂದೆ ಇಷ್ಟೆಲ್ಲ ಇದೆ. ಅದನ್ನು ಸತ್ತಿದೆ ಅಂತ ಕಸಕ್ಕೆ ಹಾಕುವುದು ಕೇಳಿದರೆ ಹೊಟ್ಟೆ ಉರಿಯುತ್ತದೆ.

ಈಗ ಚಳಿಗಾಲದ ವಿಷಯ. ಅಕ್ವಿಲೀಜಿಯಾ ಬಹುವಾರ್ಷಿಕ ಗಿಡ, ಆದರೆ ಮರದಂತೆ ಕಾಂಡ ಉಳಿಸಿಕೊಳ್ಳುವುದಿಲ್ಲ. ಚಳಿ ಬಂದಾಗ ಮೇಲಿನ ಎಲೆ, ಕಾಂಡ ಎಲ್ಲ ಒಣಗುತ್ತದೆ. ಜೀವ ಎಲ್ಲಿರುತ್ತದೆ ಅಂದರೆ ಮಣ್ಣಿನ ಮಟ್ಟದಲ್ಲಿರುವ ದಪ್ಪ ಬುಡದಲ್ಲಿ, ಅದರ ಕೆಳಗಿನ ತಾಯಿಬೇರಿನಲ್ಲಿ. ಬುಡದ ಮೇಲಿನ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿ, ಮುಂದಿನ ವರ್ಷದ ಮೊಗ್ಗುಗಳು ಪುಟ್ಟದಾಗಿ ಅಲ್ಲೇ ಕೂತಿರುತ್ತವೆ. ಬುಡ ಗಟ್ಟಿಯಾಗಿದ್ದರೆ ಗಿಡ ಬದುಕಿದೆ. ಒತ್ತಿದರೆ ಮೆತ್ತಗೆ ಕುಸಿದು ಕೊಳೆತ ವಾಸನೆ ಬಂದರೆ ಮಾತ್ರ ಹೋಗಿದೆ ಅಂತ ಅರ್ಥ. ಕಿತ್ತು ಹಾಕುವ ಮೊದಲು ಈ ಒಂದು ಪರೀಕ್ಷೆ ಮಾಡಿ, ಸಾಕು.

ಚಳಿಗೆ ಈ ಗಿಡ ಹೆದರುವುದಿಲ್ಲ. ಯುರೋಪಿನ ಸಾಮಾನ್ಯ ಜಾತಿ ಮೈನಸ್ 20 ಡಿಗ್ರಿಗಿಂತ ಕೆಳಗೂ ನೆಲದಲ್ಲಿ ಬದುಕುತ್ತದೆ. ತಡೆದುಕೊಳ್ಳುವುದು ಮಾತ್ರ ಅಲ್ಲ, ಚಳಿ ಅದಕ್ಕೆ ಬೇಕೇ ಬೇಕು. ಹೂಮೊಗ್ಗು ಕಟ್ಟಲು ಗಿಡಕ್ಕೆ ಹಲವು ವಾರಗಳ ತಂಪು ಸಿಗಬೇಕು, ಫ್ರಿಜ್ಜಿನೊಳಗಿನ ತಂಪಿನಷ್ಟು ಅಂದುಕೊಳ್ಳಿ. ಆ ತಂಪು ಸಿಕ್ಕ ಮೇಲೆ ಬಿಸಿಲು ಏರಿದಾಗ ಗಿಡ ಹೂವಿಗೆ ತಿರುಗುತ್ತದೆ. ಬೆಚ್ಚಗಿನ ಕೋಣೆಯಲ್ಲಿಟ್ಟರೆ ಏನಾಗುತ್ತದೆ ಗೊತ್ತಾ? ಗಿಡಕ್ಕೆ ಚಳಿಗಾಲ ಬಂದಿದ್ದೇ ಗೊತ್ತಾಗುವುದಿಲ್ಲ. ಬೆಳಕು ಕಡಿಮೆ, ಶಾಖ ಜಾಸ್ತಿ, ಹಾಗಾಗಿ ಬಿಳಿಚಿದ ಉದ್ದುದ್ದ ಎಲೆ ಬಿಡುತ್ತದೆ, ಬೇರಿನಲ್ಲಿ ಕೂಡಿಟ್ಟ ಆಹಾರವನ್ನೆಲ್ಲ ಆ ಎಲೆಗೇ ಖರ್ಚು ಮಾಡುತ್ತದೆ, ಮೇಲಿಂದ ಸಸ್ಯಹೇನು ಬೇರೆ ಹತ್ತುತ್ತದೆ. ಹೂ ಬಿಡುವ ಕಾಲ ಬಂದಾಗ ಗಿಡದಲ್ಲಿ ಎಲೆ ಬಿಟ್ಟು ಏನೂ ಇರುವುದಿಲ್ಲ. ಗೊಬ್ಬರ ಕಮ್ಮಿ ಆಯಿತೇನೋ ಅಂತ ಜನ ಇನ್ನಷ್ಟು ಗೊಬ್ಬರ ಸುರಿಯುತ್ತಾರೆ. ಗೊಬ್ಬರದ ಮಾತೇ ಅಲ್ಲ ಅದು.

ಹಾಗಾದರೆ ಚಳಿಗಾಲದಲ್ಲಿ ಇಷ್ಟು ಗಿಡಗಳು ಸಾಯುವುದೇಕೆ? ಹೆಚ್ಚಿನವು ಸಾಯುವುದು ನೀರಿನಿಂದ, ಚಳಿಯಿಂದಲ್ಲ. ಬೆಟ್ಟದಲ್ಲಿ ಬೆಳೆಯುವ ಜಾತಿಗಳನ್ನೇ ನೋಡಿ. ಅಲ್ಲಿ ಹಿಮ ದಪ್ಪಗೆ ಬಿದ್ದು ನೆಲ ಮುಚ್ಚುತ್ತದೆ, ಮೇಲಿನ ಗಾಳಿ ಎಷ್ಟೇ ಕೊರೆಯಲಿ, ಹಿಮದಡಿಯ ಮಣ್ಣು ಅಷ್ಟು ಏರುಪೇರಿಲ್ಲದೆ ಇರುತ್ತದೆ. ಕಲ್ಲು ಮಿಶ್ರಿತ ಇಳಿಜಾರು, ನೀರು ನಿಲ್ಲುವುದಿಲ್ಲ. ನಮ್ಮ ತೋಟದಲ್ಲಿ ಆಗುವುದು ಬೇರೆ. ಜಿಗುಟು ಮಣ್ಣು, ತಿಂಗಳುಗಟ್ಟಲೆ ಒದ್ದೆ, ಬುಡದ ಸುತ್ತ ಗಾಳಿಯಾಡದ ಕೆಸರು. ಆ ದಪ್ಪ ಬುಡ ಅದರಲ್ಲಿ ಕೊಳೆಯದೆ ಇರುತ್ತದೆಯೇ?

ಆದ್ದರಿಂದ ಚಳಿಗಾಲದ ತಯಾರಿ ನಿಜಕ್ಕೂ ಶುರುವಾಗುವುದು ನೆಡುವ ದಿನ. ನೀರು ಸಲೀಸಾಗಿ ಇಳಿಯುವ, ಆದರೆ ಬೇಗ ಕಾಯ್ದು ಒಣಗದ ಜಾಗ ನೋಡಿ. ಬೆಳಗಿನ ಬಿಸಿಲು, ಮಧ್ಯಾಹ್ನದ ಮೇಲೆ ನೆರಳು ಇದ್ದರೆ ಒಳ್ಳೆಯದು. ಜೇಡಿ ಮಣ್ಣಾದರೆ ದಪ್ಪ ಮರಳು, ಸಣ್ಣ ಜಲ್ಲಿ, ಚೆನ್ನಾಗಿ ಕಳಿತ ಎಲೆಗೊಬ್ಬರ ಬೆರೆಸಿ. ಒಂದು ಗುಂಡಿಗೆ ಮಾತ್ರ ಬೆರೆಸಿದರೆ ಸುತ್ತಲಿನ ನೀರು ಬಂದು ಆ ಗುಂಡಿಯಲ್ಲೇ ನಿಲ್ಲುತ್ತದೆ, ಹಾಗಾಗಿ ಮಡಿಯನ್ನೇ ಸ್ವಲ್ಪ ಎತ್ತರಿಸುವುದು ವಾಸಿ. ಬುಡವನ್ನು ಆಳವಾಗಿ ಹೂಳಬೇಡಿ. ಸುತ್ತಲಿನ ಮಣ್ಣಿನ ಮಟ್ಟಕ್ಕೆ ಸರಿಯಾಗಿರಲಿ. ಬುಡದ ಸುತ್ತ ಸಣ್ಣ ಜಲ್ಲಿಯ ತೆಳು ಪದರ ಹಾಕಿದರೆ ಮೇಲ್ಭಾಗ ಬೇಗ ಆರುತ್ತದೆ, ಮಳೆಗೆ ಕೆಸರು ಸಿಡಿದು ಎಲೆಗೆ ಹತ್ತುವುದೂ ತಪ್ಪುತ್ತದೆ.

ಬೇಸಿಗೆ ಮುಗಿಯುತ್ತಿದ್ದಂತೆ ಗೊಬ್ಬರ ನಿಲ್ಲಿಸಿ. ತಡವಾಗಿ ಸಾರಜನಕ ಕೊಟ್ಟರೆ ಎಳೆ ಚಿಗುರು ಹೊರಡುತ್ತದೆ, ಮೊದಲ ಚಳಿಗೇ ಅದು ಸುಟ್ಟು ಹೋಗುತ್ತದೆ. ಎಲೆಗಳನ್ನು ಯಾವಾಗ ಕತ್ತರಿಸಬೇಕು ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಅಭಿಪ್ರಾಯ ಹೀಗಿದೆ. ಹಸಿರಾಗಿರುವ ಎಲೆಯನ್ನು ಮುಟ್ಟಬೇಡಿ, ಅದು ಕೊನೆಯವರೆಗೂ ಬೇರಿಗೆ ಆಹಾರ ಕಳಿಸುತ್ತಿರುತ್ತದೆ. ಹಳದಿಯಾಗಿ ಬಾಡಿದ ಮೇಲೆ ಬುಡದಿಂದ ಸ್ವಲ್ಪ ಮೇಲಕ್ಕೆ ಕತ್ತರಿಸಿ, ಗಿಡದ ಪಕ್ಕದಲ್ಲಿ ಬಿಡದೆ ತೆಗೆದುಹಾಕಿ. ಒಂದು ಸಂದರ್ಭ ಮಾತ್ರ ಬೇರೆ. ಹೂ ಮುಗಿದ ಮೇಲೆ ಎಲೆಗಳ ತುಂಬ ಬಿಳಿ ಸುರುಳಿ ಗೆರೆ ಮೂಡಿದ್ದರೆ, ಅಂದರೆ ರಂಗೋಲಿ ಹುಳು ಹತ್ತಿದ್ದರೆ, ಅಥವಾ ಬೂದಿ ರೋಗ ಬಂದಿದ್ದರೆ, ಆಗಲೇ ಎಲೆಯೆಲ್ಲ ಕತ್ತರಿಸಿ. ಚಳಿಗೆ ಮುಂಚೆಯೇ ಹೊಸ ಎಲೆ ತುಂಬಿಕೊಳ್ಳುತ್ತದೆ. ರಂಗೋಲಿ ಹುಳುವಿನಿಂದ ಗಿಡ ಸಾಯುವುದು ತೀರಾ ಕಡಿಮೆ, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ. ಅದಕ್ಕೆ ಔಷಧಿ ಹೊಡೆಯುವ ಅಗತ್ಯವೇ ಇಲ್ಲ.

ಹೊದಿಕೆ ಹಾಕುವುದರಲ್ಲೂ ಅವಸರ ಬೇಡ. ನೆಲ ಇನ್ನೂ ಬೆಚ್ಚಗಿರುವಾಗ ದಪ್ಪಗೆ ಮುಚ್ಚಿದರೆ ಒಳಗೆ ತೇವ ಕೂತು ಬುಡ ಕೊಳೆಯುತ್ತದೆ. ನೆಲ ಹೆಪ್ಪುಗಟ್ಟುವ ಊರುಗಳಲ್ಲಿ ಅದು ಹೆಪ್ಪುಗಟ್ಟಿದ ಮೇಲೆ 5ರಿಂದ 7 ಸೆಂಟಿಮೀಟರ್ ಒಣ ಹುಲ್ಲು, ತೊಗಟೆ ಚೂರು, ಇಲ್ಲವೇ ಪುಡಿಯಾದ ತರಗೆಲೆ ಹರಡಿ. ಅಗಲ ಎಲೆಗಳನ್ನು ಇಡಿಯಾಗಿ ಹಾಕಿದರೆ ಮಳೆಗೆ ಒಂದಕ್ಕೊಂದು ಅಂಟಿ ಒದ್ದೆ ಕಂಬಳಿ ಹೊದಿಸಿದಂತೆ ಆಗುತ್ತದೆ. ಬುಡದ ಮೇಲೆ ಸ್ವಲ್ಪ ಜಾಗ ಬಿಟ್ಟು ಸುತ್ತಲೂ ಹಾಕಿ. ಈ ಹೊದಿಕೆ ಗಿಡವನ್ನು ಬೆಚ್ಚಗಿಡಲು ಅಂತ ಜನ ತಿಳಿದಿದ್ದಾರೆ. ನಿಜವಾದ ಕೆಲಸ ಬೇರೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಮಣ್ಣು ಹಿಗ್ಗಿ ಕುಗ್ಗಿ ಎಳೆ ಗಿಡಗಳ ಬೇರನ್ನು ಮೇಲಕ್ಕೆ ಎತ್ತಿಬಿಡುತ್ತದೆ, ಅದನ್ನು ತಡೆಯಲು ಹೊದಿಕೆ. ಮೊದಲ ವರ್ಷದ ಸಸಿಗಳಿಗೆ ಇದು ಮುಖ್ಯ. ಹಳೆಯ ಗಿಡಗಳಿಗೆ ಹಾಕದಿದ್ದರೂ ನಡೆಯುತ್ತದೆ. ಮೇಲೆದ್ದ ಬೇರು ಕಂಡರೆ ನೆಲ ಸಡಿಲವಾದ ದಿನ ಕೈಯಿಂದ ಮೆಲ್ಲಗೆ ಒತ್ತಿ ಕೂರಿಸಿ. ಚಿಗುರು ಕಾಣಿಸಿದ ಮೇಲೆ ಹೊದಿಕೆಯನ್ನು ಒಂದೇ ದಿನ ಕಿತ್ತು ಹಾಕದೆ ಸ್ವಲ್ಪ ಸ್ವಲ್ಪವಾಗಿ ಸರಿಸಿ.

ಕುಂಡದ ಗಿಡಕ್ಕೆ ಮಾತ್ರ ನಿಮ್ಮ ಲೇಖಕರ ಆತಂಕದಲ್ಲಿ ಅರ್ಧ ಸತ್ಯವಿದೆ. ನೆಲದಲ್ಲಿ ಚಳಿ ಮೇಲಿನಿಂದ ಮಾತ್ರ ಇಳಿಯುತ್ತದೆ, ಕುಂಡಕ್ಕೆ ಎಲ್ಲಾ ಕಡೆಯಿಂದ ತಾಗುತ್ತದೆ, ಬೇರಿಗೆ ರಕ್ಷಣೆ ಕಡಿಮೆ. ಅದಕ್ಕೆ ಪರಿಹಾರ ಬೆಚ್ಚಗಿನ ಕೋಣೆ ಅಲ್ಲ. ಗೋಡೆಯ ಮಗ್ಗುಲಿಗೆ, ಗಾಳಿ ನೇರವಾಗಿ ಬೀಸದ ಕಡೆ, ಸೂರಿನ ಕೆಳಗೆ ಇಡಿ. ಸೂರು ಇದ್ದರೆ ಮಳೆನೀರು ಬೀಳುವುದಿಲ್ಲ, ಅದೇ ಅರ್ಧ ಕೆಲಸ. ಎರಡು ಮೂರು ಕುಂಡ ಒತ್ತೊತ್ತಾಗಿ ಇಟ್ಟು ಸುತ್ತಲೂ ಗೋಣಿಚೀಲ ಸುತ್ತಿ. ಕೆಳಗೆ ಇಟ್ಟಿಗೆ ಚೂರು ಕೊಟ್ಟು ಕುಂಡವನ್ನು ನೆಲದಿಂದ ಎತ್ತಿ, ತೂತಿನಿಂದ ನೀರು ಹೊರಹೋಗಲಿ, ತಟ್ಟೆ ಮಾತ್ರ ಇಡಬೇಡಿ. ಮಣ್ಣಿನ ಕುಂಡಗಳು ಒಳಗಿನ ನೀರು ಹೆಪ್ಪುಗಟ್ಟಿದಾಗ ಬಿರುಕು ಬಿಡಬಹುದು. ತೋಟದಲ್ಲಿ ಜಾಗವಿದ್ದರೆ ಕುಂಡವನ್ನೇ ಅಂಚಿನವರೆಗೆ ಮಣ್ಣಿನಲ್ಲಿ ಹೂತುಬಿಡುವುದು ಎಲ್ಲಕ್ಕಿಂತ ಸುಲಭ. ಬಿಸಿ ಮಾಡದ ಶೆಡ್ ಅಥವಾ ಕಾರು ನಿಲ್ಲಿಸುವ ಕೊಠಡಿಯೂ ಆಗಬಹುದು, ಅಲ್ಲಿ ಚಳಿ ಇರುತ್ತದಲ್ಲ. ಎಲೆ ಇಲ್ಲದ ಕಾಲದಲ್ಲಿ ಕತ್ತಲೆ ಇದ್ದರೂ ತೊಂದರೆ ಇಲ್ಲ, ಚಿಗುರು ಹೊರಟ ಕೂಡಲೇ ಬೆಳಕಿಗೆ ತನ್ನಿ.

ನೀರು ಹೇಗೆ? ಪೂರ್ತಿ ನಿಲ್ಲಿಸಬೇಡಿ, ಬೇರು ಒಣಗಿ ಬೆಂಡಾಗಬಾರದು. ಬೆರಳು ಇಳಿಸಿ ನೋಡಿ, ಮೇಲಿನ ಎರಡು ಮೂರು ಸೆಂಟಿಮೀಟರ್ ಒಣಗಿದ್ದರೆ ಸ್ವಲ್ಪ ಕೊಡಿ. ಹೆಪ್ಪುಗಟ್ಟಿದ ಮಣ್ಣಿಗೆ ನೀರು ಹಾಕಬೇಡಿ, ಅದನ್ನು ಕುಡಿಯಲು ಬೇರಿಗೆ ಆಗುವುದಿಲ್ಲ.

ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಿತ್ತು ನೆಡುವ ಆಸೆಯನ್ನು ದಯವಿಟ್ಟು ಬಿಡಿ. ತಾಯಿಬೇರು ಆಳಕ್ಕೆ ಹೋಗುತ್ತದೆ, ತುಂಡಾದರೆ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಬುಡ ಸೀಳಿ ಎರಡು ಮಾಡುವುದೂ ಇದಕ್ಕೆ ಒಗ್ಗದು. ಎರಡು ಮೂರು ಎಲೆ ಬಂದ ಸಸಿಯನ್ನು ಮಾತ್ರ ನಿರಾತಂಕವಾಗಿ ಸಾಗಿಸಬಹುದು. ಅಮೆರಿಕದ ಕೊಲರಾಡೋ ರಾಜ್ಯ ನೀಲಿ ಬಿಳಿ ಕೊಲಂಬೈನನ್ನು 1899ರಲ್ಲಿ ರಾಜ್ಯದ ಹೂವೆಂದು ಸಾರಿತು. 1925ರಲ್ಲಿ ಅಲ್ಲಿ ಒಂದು ಕಾನೂನೂ ಬಂತು. ಸರ್ಕಾರಿ ಜಾಗದಲ್ಲಿ ಈ ಗಿಡವನ್ನು ಬೇರು ಸಮೇತ ಕೀಳುವಂತಿಲ್ಲ, ಹೂವನ್ನೂ ದಿನಕ್ಕೆ 25ಕ್ಕಿಂತ ಹೆಚ್ಚು ಕೊಯ್ಯುವಂತಿಲ್ಲ. ಬೇರಿಗೆ ಕೈ ಹಾಕಿದರೆ ಗಿಡ ಉಳಿಯದು ಅಂತ ಗೊತ್ತಿದ್ದವರು ಮಾಡಿದ ಕಾನೂನು ಅಂತ ನನಗನ್ನಿಸುತ್ತದೆ.

ಎಲ್ಲ ಸರಿಯಾಗಿ ಮಾಡಿದರೂ ಕೆಲವು ಗಿಡಗಳು ನಾಲ್ಕನೆಯ ಐದನೆಯ ವರ್ಷ ಏಳುವುದಿಲ್ಲ. ಅದು ನಿಮ್ಮ ಆರೈಕೆಯ ಕೊರತೆ ಅಲ್ಲ. ಅಕ್ವಿಲೀಜಿಯಾದ ಆಯಸ್ಸೇ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಆ ಕೊರತೆಯನ್ನು ಬೀಜದಲ್ಲಿ ಧಾರಾಳವಾಗಿ ತುಂಬಿಕೊಡುತ್ತದೆ. ಕಾಯಿ ಒಣಗಿ ಬಾಯಿ ಬಿಟ್ಟಾಗ ಹೊಳೆಯುವ ಕಪ್ಪು ಬೀಜ ಉದುರುತ್ತವೆ, ಸುತ್ತಲೂ ತಾವಾಗಿ ಹುಟ್ಟುತ್ತವೆ. ಒಂದೆರಡು ಕಾಯಿಯನ್ನಾದರೂ ಗಿಡದಲ್ಲೇ ಬಿಡಿ, ಎಲ್ಲವನ್ನೂ ಚೊಕ್ಕ ಮಾಡುವ ಉತ್ಸಾಹ ಬೇಡ. ಆದರೆ ಬೀಜದ ಗಿಡ ತಾಯಿಯ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಹತ್ತಿರ ಬೇರೆ ಜಾತಿ ಇದ್ದರೆ ಸುಲಭವಾಗಿ ಬೆರೆಯುತ್ತವೆ, ಯಾವ ಬಣ್ಣ ಬರುತ್ತದೋ ಹೂ ಬಿಟ್ಟಾಗಲೇ ಗೊತ್ತು. ನನಗೆ ಅದೇ ಇಷ್ಟ. ಇಂಥದ್ದೇ ಹೂ ಬೇಕು ಅನ್ನುವವರು, ಉದಾಹರಣೆಗೆ ಚಾರ್ಲ್ಸ್ ಡಾರ್ವಿನ್ ಮೊಮ್ಮಗಳ ಹೆಸರಿನ ನೋರಾ ಬಾರ್ಲೋ ಅನ್ನುವ ಸುತ್ತುದಳದ ತಳಿಯೇ ಬೇಕು ಅನ್ನುವವರು, ಅದನ್ನು ಬೇರೆಯವುಗಳಿಂದ ದೂರ ಬೆಳೆಸಬೇಕು.

ಬೀಜ ಬಿತ್ತುವುದು ಹೀಗೆ. ಆಗ ತಾನೇ ಉದುರಿದ ತಾಜಾ ಬೀಜ ಎಲ್ಲಕ್ಕಿಂತ ಚೆನ್ನಾಗಿ ಹುಟ್ಟುತ್ತದೆ. ಪೊಟ್ಟಣದ ಹಳೆಯ ಬೀಜವಾದರೆ ಒದ್ದೆ ಮರಳಿನಲ್ಲಿ ಬೆರೆಸಿ ಮೂರು ನಾಲ್ಕು ವಾರ ಫ್ರಿಜ್ಜಿನಲ್ಲಿಡಿ, ಫ್ರೀಜರ್‌ನಲ್ಲಿ ಅಲ್ಲ. ಆಮೇಲೆ ಮಣ್ಣಿನ ಮೇಲೆ ಹರಡಿ ಮೆಲ್ಲಗೆ ಒತ್ತಿ. ಮೇಲೆ ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಮೂರು ವಾರದಲ್ಲಿ ಕಾಣಿಸದಿದ್ದರೆ ಕುಂಡ ಎಸೆಯಬೇಡಿ, ಎರಡು ಮೂರು ತಿಂಗಳು ತೆಗೆದುಕೊಳ್ಳುವುದೂ ಉಂಟು. ಇನ್ನೊಂದು ಮಾತು ನೆನಪಿರಲಿ. ತೀರಾ ಎಳೆ ಸಸಿಗೆ ಚಳಿ ತಾಗಿದರೂ ಅದು ಹೂವಿಗೆ ಲೆಕ್ಕಕ್ಕೆ ಬರುವುದಿಲ್ಲ, ಗಿಡ ಒಂದಷ್ಟು ಎಲೆ ತುಂಬಿಕೊಂಡು ಬಲಿತಿರಬೇಕು. ಅದಕ್ಕೇ ಬೇಸಿಗೆಯ ಮೊದಲಲ್ಲಿ ಹುಟ್ಟಿದ್ದು ಮರುವರ್ಷವೇ ಹೂ ಬಿಡುತ್ತದೆ, ತಡವಾಗಿ ಹುಟ್ಟಿದ್ದು ಇನ್ನೂ ಒಂದು ವರ್ಷ ಕಾಯಿಸುತ್ತದೆ.

ಚಳಿಯೇ ಬೀಳದ ಊರಿನವರು ಏನು ಮಾಡಬೇಕು? ನೇರವಾಗಿ ಹೇಳುತ್ತೇನೆ, ಅಲ್ಲಿ ಈ ಗಿಡವನ್ನು ವರ್ಷವರ್ಷವೂ ಉಳಿಸಿಕೊಳ್ಳುವುದು ಕಷ್ಟ. ಎಲೆ ಬಿಡುತ್ತದೆ, ಹೂ ಬಿಡದು. ಬಿಸಿಲಿಗೆ ಬುಡ ಸೊರಗುತ್ತದೆ. ಫ್ರಿಜ್ಜಿನಲ್ಲಿ ಬೀಜ ಇಟ್ಟರೆ ಮೊಳಕೆಯ ಸಮಸ್ಯೆ ಮಾತ್ರ ಬಗೆಹರಿಯುತ್ತದೆ, ಬೆಳೆದ ಗಿಡಕ್ಕೆ ಬೇಕಾದ ಚಳಿ ಅದರಿಂದ ಸಿಗುವುದಿಲ್ಲ. ಈ ಎರಡನ್ನೂ ಒಂದೇ ಅಂತ ತಿಳಿದು ಬೇಸರ ಪಟ್ಟವರು ಬಹಳ. ಚಳಿಗಾಲ ಕಳೆದು ಮೊಗ್ಗು ಕಟ್ಟಿದ ಗಿಡವನ್ನೇ ತಂದು ಆ ಋತುವಿನ ಹೂ ನೋಡುವುದು ಒಂದು ದಾರಿ. ಸ್ವಲ್ಪವಾದರೂ ಚಳಿ ಬೀಳುವ ಕಡೆ, ಅಮೆರಿಕದ ನೈರುತ್ಯ ಭಾಗದ ಹಳದಿ ಹೂವಿನ ಕ್ರಿಸಾಂತಾ ಜಾತಿ ಉಳಿದವುಗಳಿಗಿಂತ ಹೆಚ್ಚು ಬಿಸಿಲು ತಡೆಯುತ್ತದೆ, ಅದನ್ನು ಬೆಳೆಸಿ ನೋಡಿ.

ರೋಗದ ಬಗ್ಗೆ ಒಂದು ಎಚ್ಚರಿಕೆ. 2013ರಲ್ಲಿ ಬ್ರಿಟನ್ನಿನಲ್ಲಿ ಅಕ್ವಿಲೀಜಿಯಾಕ್ಕೆ ಬೂಜು ತುಪ್ಪಟ ರೋಗ ಕಾಣಿಸಿಕೊಂಡಿತು. ಎಲೆಯ ಮೇಲ್ಭಾಗದಲ್ಲಿ ಹಳದಿ ಮಚ್ಚೆ, ಕೆಳಭಾಗದಲ್ಲಿ ಬಿಳಿ ಬೂಜು, ಎಲೆ ಸುರುಟಿ ಗಿಡವೇ ಹೋಗುತ್ತದೆ. ಬೂದಿ ರೋಗ ಎಲೆಯ ಮೇಲೆ ಹಿಟ್ಟಿನಂತೆ ಕಾಣುತ್ತದೆ, ಅದಕ್ಕೆ ಅಷ್ಟು ಹೆದರಬೇಕಿಲ್ಲ. ಇದು ಹಾಗಲ್ಲ, ಇದರ ಬೀಜಕಣ ಮಣ್ಣಿನಲ್ಲೇ ಚಳಿಗಾಲ ಕಳೆಯುತ್ತದೆ. ಇಂಥ ಗಿಡ ಕಂಡರೆ ಕಾಂಪೋಸ್ಟ್ ಗುಂಡಿಗೆ ಹಾಕದೆ ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಿ, ಆ ಜಾಗದಲ್ಲಿ ಕೆಲವು ವರ್ಷ ಅಕ್ವಿಲೀಜಿಯಾ ನೆಡಬೇಡಿ. ಮತ್ತೆ, ಈ ಗಿಡದ ಬೀಜ ಮತ್ತು ಬೇರು ವಿಷಕಾರಿ. ಬೀಜ ಒಣಗಿಸುವಾಗ ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಿ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಚಳಿಗಾಲದ ಆರೈಕೆ ಬಗ್ಗೆ ಬರೆಸುವಾಗ ಚಳಿಗೆ ಸಾಯುವ ಗಿಡ, ಚಳಿ ಬೇಕಾದ ಗಿಡ ಎಂದು ಎರಡು ಭಾಗ ಮಾಡಿಸಿ. ಎಲ್ಲ ಹೂಗಿಡಕ್ಕೂ ಒಂದೇ ಸಲಹೆ ಕೊಟ್ಟರೆ ಓದುಗರು ನಂಬಿ ಹಾಗೇ ಮಾಡುತ್ತಾರೆ, ಪತ್ರಿಕೆಯಲ್ಲಿ ಬಂದಿದ್ದಲ್ವಾ ಅಂತ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ, ಗುಲಾಬಿ ಬಗ್ಗೆ ಅವರು ಬರೆದದ್ದು ತುಂಬಾ ಉಪಯೋಗವಾಗಿದೆ. ಈ ಒಂದು ಗಿಡದ ಮಟ್ಟಿಗೆ ತಿದ್ದುಪಡಿ ಹಾಕಿ. ಸಾಧ್ಯವಾದರೆ ಮುಂದಿನ ಸಂಚಿಕೆಯಲ್ಲೇ ಹಾಕಿ. ಎಲೆಗಳು ಈಗಾಗಲೇ ಹಳದಿಯಾಗುತ್ತಿವೆ, ಕುಂಡ ಖಾಲಿ ಮಾಡುವ ಕೆಲಸ ಜನ ಇದೇ ವಾರ ಶುರು ಮಾಡುತ್ತಾರೆ.

ಇತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ